ದರ ಏರಿಸಿಲ್ಲ ಅಂತಾರೆ, ರೀಚಾರ್ಜ್ ಖರ್ಚು ಏರಿದೆ: ಲೆಕ್ಕ ಎಲ್ಲಿ ಅಡಗಿದೆ?

2025ರ ಆಗಸ್ಟ್‌ನಲ್ಲಿ ಜಿಯೊ ತನ್ನ 249 ರೂಪಾಯಿಯ ಪ್ಲಾನ್ ಅನ್ನು ಆ್ಯಪ್ ಮತ್ತು ವೆಬ್‌ಸೈಟ್‌ನ ಪಟ್ಟಿಯಿಂದ ತೆಗೆಯಿತು. ಬೆನ್ನಲ್ಲೇ ಏರ್‌ಟೆಲ್ ಕೂಡ ತನ್ನ 249ರ ಪ್ಲಾನ್ ನಿಲ್ಲಿಸಿತು. ಎರಡರಲ್ಲೂ ದಿನಕ್ಕೆ 1 ಜಿಬಿ ಡೇಟಾ ಸಿಗುತ್ತಿತ್ತು. ಆಮೇಲೆ 28 ದಿನಕ್ಕೆ ದಿನವೂ ಡೇಟಾ ಸಿಗುವ ಪ್ಲಾನ್ ಬೇಕೆಂದರೆ ಎರಡೂ ಕಡೆ 299 ರೂಪಾಯಿಯಿಂದ ಶುರು.

ಈ ಸುದ್ದಿ ತುಂಬ ಜನರನ್ನು ಗೊಂದಲಕ್ಕೆ ಕೆಡವಿತು. ಯಾವ ಕಂಪನಿಯೂ ದರ ಏರಿಸಿದ್ದೇವೆ ಎಂದು ಹೇಳಲಿಲ್ಲ. 299ರ ಪ್ಲಾನ್ ಮೊದಲೂ 299 ಇತ್ತು, ಆಮೇಲೂ ಅಷ್ಟೇ ಇತ್ತು. ಆದರೂ 249 ಹಾಕಿಸುತ್ತಿದ್ದವರ ಜೇಬಿನಿಂದ ಪ್ರತಿ ಸಲ 50 ರೂಪಾಯಿ ಜಾಸ್ತಿ ಹೋಯಿತು. ಜಿಯೊದ ಹಳೆ ಪ್ಲಾನ್ ಅಂಗಡಿಗಳಲ್ಲಿ ಇನ್ನೂ ಸಿಗುತ್ತದೆ ಎಂಬ ಸ್ಪಷ್ಟನೆ ಬಂದ ಮೇಲೆ ಗೊಂದಲ ಇನ್ನಷ್ಟು ಹೆಚ್ಚಿತು. ಆ್ಯಪ್‌ನಲ್ಲಿ ಕಾಣದ ಪ್ಲಾನ್ ಅಂಗಡಿಯಲ್ಲಿ ಇದೆ ಎಂದು ಎಷ್ಟು ಜನಕ್ಕೆ ಗೊತ್ತಾಗುತ್ತದೆ?

ಮೊಬೈಲ್ ಪ್ಲಾನ್‌ಗಳಲ್ಲಿ ಗುಟ್ಟಿನ ಶುಲ್ಕ ಅಂದ ಕೂಡಲೇ ನಾವು ಬಿಲ್‌ನ ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಯಾವುದೋ ಮೊತ್ತವನ್ನು ಹುಡುಕುತ್ತೇವೆ. ನಮ್ಮ ದೇಶದ ಪ್ರಿಪೇಯ್ಡ್ ಮಾರುಕಟ್ಟೆಯಲ್ಲಿ ದೊಡ್ಡ ಖರ್ಚು ಅಲ್ಲಿಲ್ಲ. ಅದು ವ್ಯಾಲಿಡಿಟಿಯ ದಿನಗಳಲ್ಲಿದೆ, ಬೇಡದಿದ್ದರೂ ಕೊಳ್ಳಬೇಕಾದ ಡೇಟಾದಲ್ಲಿದೆ, ಪಟ್ಟಿಯಿಂದ ಮಾಯವಾದ ಅಗ್ಗದ ಪ್ಲಾನ್‌ನಲ್ಲಿದೆ. (ಇಲ್ಲಿರುವ ದರಗಳು 2024 ಮತ್ತು 2025ರವು. ಇವು ಆಗಾಗ ಬದಲಾಗುತ್ತವೆ, ಲೆಕ್ಕ ಹಾಕುವ ರೀತಿ ಬದಲಾಗುವುದಿಲ್ಲ.)

ಬೆಲೆ ಒಂದೇ, ದಿನ ಬೇರೆ

ಆಗಸ್ಟ್‌ನ ಬದಲಾವಣೆಯನ್ನೇ ದಿನದ ಲೆಕ್ಕಕ್ಕೆ ತಂದು ನೋಡೋಣ. ಜಿಯೊದ 249ರ ಪ್ಲಾನ್‌ಗೆ 28 ದಿನ ವ್ಯಾಲಿಡಿಟಿ ಇತ್ತು. ಅಂದರೆ ದಿನಕ್ಕೆ 8 ರೂಪಾಯಿ 89 ಪೈಸೆ. 299ಕ್ಕೆ ಹೋದರೆ ದಿನಕ್ಕೆ 10 ರೂಪಾಯಿ 68 ಪೈಸೆ. ಶೇ 20ರಷ್ಟು ಏರಿಕೆ. ಬದಲಿಗೆ ದಿನಕ್ಕೆ ಅರ್ಧ ಜಿಬಿ ಡೇಟಾ ಹೆಚ್ಚು ಸಿಗುತ್ತದೆ, ಬೇಕೋ ಬೇಡವೋ.

ಏರ್‌ಟೆಲ್‌ನ 249ರ ಪ್ಲಾನ್ ಇದ್ದದ್ದು 24 ದಿನಕ್ಕೆ. ದಿನಕ್ಕೆ 10 ರೂಪಾಯಿ 38 ಪೈಸೆ. ಅಲ್ಲಿಂದ 28 ದಿನದ 299ಕ್ಕೆ ಹೋದರೆ ದಿನದ ಬೆಲೆ 30 ಪೈಸೆ ಮಾತ್ರ ಏರುತ್ತದೆ. ಒಂದೇ ಸುದ್ದಿ, ಒಂದೇ ಬೆಲೆ, ಒಂದೇ 50 ರೂಪಾಯಿ ವ್ಯತ್ಯಾಸ. ಆದರೆ ಒಂದು ಕಂಪನಿಯ ಗ್ರಾಹಕರಿಗೆ ಇದು ನಿಜವಾದ ಏರಿಕೆ. ಇನ್ನೊಂದರ ಗ್ರಾಹಕರಿಗೆ ಹೆಚ್ಚಾಗಿದ್ದು ಒಂದೇ ಸಲಕ್ಕೆ ಕೈಯಿಂದ ಕೊಡಬೇಕಾದ ಮೊತ್ತ. ದಿನ ನೋಡದೆ ಬೆಲೆ ಮಾತ್ರ ನೋಡಿದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ಇನ್ನು 28 ದಿನದ ಹಳೆ ತಕರಾರು. ವರ್ಷಕ್ಕೆ 12 ತಿಂಗಳು. ಆದರೆ 28 ದಿನದ ಪ್ಲಾನ್ ಹಾಕಿಸುವವರು ವರ್ಷಕ್ಕೆ 13 ಸಲ ರೀಚಾರ್ಜ್ ಮಾಡಬೇಕು. 299 ರೂಪಾಯಿಯ ಪ್ಲಾನ್‌ಗೆ ವರ್ಷಕ್ಕೆ 3,588 ಆಗುತ್ತದೆ ಅಂದುಕೊಂಡವರು ನಿಜವಾಗಿ ಕೊಡುವುದು 3,887. ಆ ಹದಿಮೂರನೆಯ ರೀಚಾರ್ಜ್ ಯಾವ ಜಾಹೀರಾತಿನಲ್ಲೂ ಇಲ್ಲ.

ದೂರುಗಳು ಜಾಸ್ತಿಯಾದಾಗ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2022ರ ಜನವರಿಯಲ್ಲಿ ಒಂದು ಆದೇಶ ಹೊರಡಿಸಿತು. ಪ್ರತಿ ಕಂಪನಿಯೂ 30 ದಿನ ವ್ಯಾಲಿಡಿಟಿ ಇರುವ ಪ್ಲಾನ್ ಕೊಡಬೇಕು, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಪ್ಲಾನ್ ಕೂಡ ಕೊಡಬೇಕು ಎಂದಿತು. ಆದರೆ ಪ್ರತಿ ಬಗೆಯಲ್ಲಿ 'ಕನಿಷ್ಠ ಒಂದು' ಇದ್ದರೆ ಸಾಕು. ಕಂಪನಿಗಳು ಅಷ್ಟನ್ನು ಪಾಲಿಸಿದವು. ಪಟ್ಟಿಯ ಉಳಿದ ಭಾಗ ಬಹುಮಟ್ಟಿಗೆ 28, 56, 84 ದಿನಗಳಲ್ಲೇ ಉಳಿಯಿತು.

ಬೆಲೆ ಮುಟ್ಟದೆ ದಿನ ಕಡಿಮೆ ಮಾಡುವುದು ಇನ್ನೊಂದು ದಾರಿ. ಬಿಸ್ಕತ್ ಪೊಟ್ಟಣದ ಬೆಲೆ ಹಾಗೇ ಇಟ್ಟು ಒಳಗಿನ ಬಿಸ್ಕತ್ ಕಡಿಮೆ ಮಾಡಿದ ಹಾಗೆ. ಖಾಸಗಿ ಕಂಪನಿಗಳಷ್ಟೇ ಅಲ್ಲ, ಅಗ್ಗ ಅನ್ನಿಸಿಕೊಂಡ ಸರ್ಕಾರಿ ಬಿಎಸ್‌ಎನ್‌ಎಲ್ ಕೂಡ ತನ್ನ ಹಲವು ಪ್ಲಾನ್‌ಗಳಲ್ಲಿ ಇದನ್ನೇ ಮಾಡಿದೆ. ಬೆಲೆ ಬದಲಾಗದ ಕಾರಣ ಇದು ದೊಡ್ಡ ಸುದ್ದಿಯಾಗುವುದಿಲ್ಲ.

ಕಡಿಮೆ ಕೊಡುವವರಿಗೇ ದುಬಾರಿ

ಜಿಯೊದ ಎರಡು ಪ್ಲಾನ್ ಪಕ್ಕಪಕ್ಕ ಇಡೋಣ. ಒಂದು, 28 ದಿನದ 299. ದಿನಕ್ಕೆ 1.5 ಜಿಬಿ. ಇನ್ನೊಂದು, 365 ದಿನದ 3,599. ದಿನಕ್ಕೆ 2.5 ಜಿಬಿ, ಜೊತೆಗೆ ಅನ್‌ಲಿಮಿಟೆಡ್ 5ಜಿ. ಮೊದಲನೆಯದನ್ನು 13 ಸಲ ಹಾಕಿಸಿದವರು 3,887 ರೂಪಾಯಿ ಕೊಡುತ್ತಾರೆ. ಎರಡನೆಯದನ್ನು ಒಂದೇ ಸಲ ಹಾಕಿಸಿದವರು 288 ರೂಪಾಯಿ ಕಡಿಮೆ ಕೊಟ್ಟು ದಿನಕ್ಕೆ 1 ಜಿಬಿ ಹೆಚ್ಚು ಪಡೆಯುತ್ತಾರೆ.

ಒಟ್ಟಿಗೆ ಕೊಂಡರೆ ಅಗ್ಗ ಅನ್ನುವುದು ವ್ಯಾಪಾರದ ಮಾಮೂಲಿ ರೂಢಿ. ಆದರೆ ಇಲ್ಲಿ ಒಂದು ವ್ಯತ್ಯಾಸ ಇದೆ. ತಿಂಗಳ ಸಂಬಳ ನೆಚ್ಚಿಕೊಂಡ ಗಾರ್ಮೆಂಟ್ಸ್ ಕಾರ್ಮಿಕರು, ವಾರದ ಬಟವಾಡೆಯಲ್ಲಿ ಮನೆ ನಡೆಸುವವರು ಒಂದೇ ಸಲಕ್ಕೆ 3,599 ತೆಗೆದಿಡುವುದು ಕಷ್ಟ. ಅವರ ಪಾಲಿಗೆ 28 ದಿನದ ಪ್ಲಾನ್ ಒಂದೇ ದಾರಿ. ಹಾಗಾಗಿ ಕೈಯಲ್ಲಿ ಕಾಸು ಕಡಿಮೆ ಇರುವವರೇ ದಿನಕ್ಕೆ ಹೆಚ್ಚು ಕೊಟ್ಟು ಕಡಿಮೆ ಪಡೆಯುತ್ತಾರೆ. ಇದಕ್ಕೆ ಶುಲ್ಕ ಅಂತ ಹೆಸರಿಲ್ಲ, ಆದರೆ ಶುಲ್ಕವೇ.

ಬೇಡದ ಡೇಟಾಗೂ ದುಡ್ಡು

ಒಂದು ಕಾಲದಲ್ಲಿ ಹತ್ತು ರೂಪಾಯಿ ಕರೆನ್ಸಿ ಹಾಕಿಸಿದರೆ ಫೋನ್ ನಡೆಯುತ್ತಿತ್ತು. ಇನ್‌ಕಮಿಂಗ್ ಕರೆಗೆ ದುಡ್ಡಿರಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ಮೇಲೆ ಡೇಟಾ ಅಗ್ಗವಾಯಿತು, ಕರೆ ಉಚಿತ ಎಂಬಂತಾಯಿತು. ಕಂಪನಿಗಳ ಆದಾಯ ಕುಸಿಯಿತು. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಕನಿಷ್ಠ ರೀಚಾರ್ಜ್ ಎಂಬ ಪದ್ಧತಿ ತಂದವು. ಸಿಮ್ ಚಾಲ್ತಿಯಲ್ಲಿ ಇರಬೇಕಾದರೆ 28 ದಿನಕ್ಕೊಮ್ಮೆ 35 ರೂಪಾಯಿ ಹಾಕಿಸಲೇಬೇಕು. ಇನ್‌ಕಮಿಂಗ್ ಉಚಿತವಾಗಿದ್ದ ಕಾಲ ಅಲ್ಲಿಗೆ ಮುಗಿಯಿತು.

ಆಮೇಲೆ ಆ ಮೆಟ್ಟಿಲು ಏರುತ್ತಾ ಹೋಯಿತು. ಏರ್‌ಟೆಲ್‌ನಲ್ಲಿ 2021ರ ನವೆಂಬರ್‌ಗೆ ಅದು 99 ರೂಪಾಯಿ. 2023ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಹಲವು ವಲಯಗಳಲ್ಲಿ 99ರ ಪ್ಲಾನ್ ತೆಗೆದು 155 ಮಾಡಲಾಯಿತು. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ದರ ಏರಿಸಿದವು. ಆಗ ಏರ್‌ಟೆಲ್‌ನ 28 ದಿನದ 179ರ ಪ್ಲಾನ್ 199 ಆಯಿತು. ಜಿಯೊದ 155ರ ಪ್ಲಾನ್ 189 ಆಯಿತು. 35 ರೂಪಾಯಿಗೆ ಸಿಗುತ್ತಿದ್ದದ್ದು ಸ್ವಲ್ಪ ಟಾಕ್‌ಟೈಮ್ ಅಷ್ಟೇ. ಈಗ ಕರೆ ಅನ್‌ಲಿಮಿಟೆಡ್, ಜೊತೆಗೆ 2 ಜಿಬಿ ಡೇಟಾ. ಹಾಗಾಗಿ ನೇರ ಹೋಲಿಕೆ ಪೂರ್ತಿ ಸರಿಯಲ್ಲ. ಆದರೆ ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಜ್ಜಿಗೆ ಆ 2 ಜಿಬಿಯಿಂದ ಏನು ಉಪಯೋಗ? ಅವರಿಗೆ ಮಗನ ಕರೆ ಬರಬೇಕು, ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬಿದ್ದ ಮೆಸೇಜ್ ಬರಬೇಕು. ಅಷ್ಟೇ.

ದೇಶದಲ್ಲಿ ಸುಮಾರು 15 ಕೋಟಿ ಜನ ಇನ್ನೂ 2ಜಿ ಬಳಸುತ್ತಿದ್ದಾರೆ ಎಂಬ ಅಂದಾಜು ಟ್ರಾಯ್ ಮುಂದಿತ್ತು. ಅದು 2024ರ ಜುಲೈನಲ್ಲಿ ಸಮಾಲೋಚನೆ ಶುರು ಮಾಡಿ, ಡಿಸೆಂಬರ್ 23ರಂದು ನಿಯಮ ತಿದ್ದಿತು. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ, ಡೇಟಾ ಇಲ್ಲದ ಪ್ಲಾನ್ ಒಂದಾದರೂ ಪ್ರತಿ ಕಂಪನಿ ಕೊಡಬೇಕು. ಇಂಥ ವಿಶೇಷ ವೋಚರ್‌ಗಳ ಗರಿಷ್ಠ ವ್ಯಾಲಿಡಿಟಿಯನ್ನು 90 ದಿನದಿಂದ 365 ದಿನಕ್ಕೆ ಏರಿಸಲಾಯಿತು. ಕಂಪನಿಗಳು ಇದನ್ನು ವಿರೋಧಿಸಿದ್ದವು. ಡೇಟಾ ಇಲ್ಲದ ಪ್ಲಾನ್ ಕೊಟ್ಟರೆ ಜನ ಇಂಟರ್‌ನೆಟ್‌ನಿಂದ ದೂರ ಉಳಿಯುತ್ತಾರೆ ಎಂಬುದು ಅವರ ವಾದ.

2025ರ ಜನವರಿಯಲ್ಲಿ ಹೊಸ ಪ್ಲಾನ್‌ಗಳು ಬಂದವು. ಇಲ್ಲಿ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏರ್‌ಟೆಲ್‌ನಲ್ಲಿ 84 ದಿನಕ್ಕೆ 6 ಜಿಬಿ ಡೇಟಾ ಇದ್ದ 509ರ ಪ್ಲಾನ್ ಇತ್ತು. ಅದರಿಂದ ಡೇಟಾ ತೆಗೆದು ಬೆಲೆಯನ್ನು 499 ಮಾಡಿತು. ವರ್ಷದ ಪ್ಲಾನ್‌ನಿಂದ 24 ಜಿಬಿ ತೆಗೆದು 1,999 ಇದ್ದದ್ದನ್ನು 1,959 ಮಾಡಿತು. 6 ಜಿಬಿ ಬಿಟ್ಟುಕೊಟ್ಟ ಗ್ರಾಹಕರಿಗೆ ಉಳಿದದ್ದು 10 ರೂಪಾಯಿ. ಟೀಕೆ ಬಂತು, ದರ ಪರಿಶೀಲಿಸುವುದಾಗಿ ಟ್ರಾಯ್ ಹೇಳಿತು. ಕೆಲವೇ ದಿನಗಳಲ್ಲಿ ಆ ಬೆಲೆಗಳು 469 ಮತ್ತು 1,849ಕ್ಕೆ ಇಳಿದವು. ಜಿಯೊ ಕೂಡ ಮೊದಲು 458 ಎಂದದ್ದನ್ನು 448ಕ್ಕೆ ತಂದಿತು. 336 ದಿನಕ್ಕೆ 1,748ರ ಪ್ಲಾನ್ ಕೊಟ್ಟಿತು.

ಇಳಿದ ಮೇಲೂ ಲೆಕ್ಕ ನೋಡಿ. 509ರಿಂದ 469ಕ್ಕೆ ಇಳಿದಾಗ 6 ಜಿಬಿಯ ಬೆಲೆ 40 ರೂಪಾಯಿ ಆಯಿತು. ಜಿಬಿಗೆ 7 ರೂಪಾಯಿಗಿಂತ ಕಡಿಮೆ. ಅದೇ ಕಂಪನಿಯಲ್ಲಿ ದಿನದ ಡೇಟಾ ಮುಗಿದು 1 ಜಿಬಿ ಹೆಚ್ಚುವರಿ ಬೇಕೆಂದರೆ 22 ರೂಪಾಯಿ, ಅದೂ ಒಂದೇ ದಿನಕ್ಕೆ. ಡೇಟಾ ಬೇಡ ಅನ್ನುವವರಿಗೆ ಕಳೆದುಕೊಡುವ ಬೆಲೆ ಕಡಿಮೆ, ಬೇಕು ಅನ್ನುವವರಿಂದ ತೆಗೆದುಕೊಳ್ಳುವುದು ಮೂರು ಪಟ್ಟು.

ಇನ್ನೊಂದು ಕೊರತೆಯೂ ಇದೆ. ಈ ಎರಡೂ ಕಂಪನಿಗಳ ಡೇಟಾ ರಹಿತ ಪ್ಲಾನ್‌ಗಳು ಬಂದದ್ದು 84 ದಿನ ಮತ್ತು ವರ್ಷದ ಲೆಕ್ಕದಲ್ಲಿ. 28 ದಿನಕ್ಕೆ ಬರಲಿಲ್ಲ. ಒಂದೇ ಸಲ 448 ಅಥವಾ 469 ಕೊಡಲು ಆಗದವರು ಮತ್ತೆ 189, 199ರ ಡೇಟಾ ಇರುವ ಪ್ಲಾನ್‌ಗೇ ಬರಬೇಕು. 199ನ್ನು 13 ಸಲ ಹಾಕಿಸಿದರೆ ವರ್ಷಕ್ಕೆ 2,587. ವರ್ಷದ ಡೇಟಾ ರಹಿತ ಪ್ಲಾನ್ 1,849. ವ್ಯತ್ಯಾಸ 738 ರೂಪಾಯಿ. ಯಾರಿಗಾಗಿ ಆದೇಶ ಬಂತೋ ಅವರಲ್ಲಿ ತೀರಾ ಬಡವರಿಗೆ ಅದು ತಲುಪಲೇ ಇಲ್ಲ. ಟ್ರಾಯ್ ಪ್ಲಾನ್ ಇರಬೇಕು ಎಂದಿತು. ಎಷ್ಟು ದಿನಕ್ಕೆ, ಎಷ್ಟು ಬೆಲೆಗೆ ಎಂದು ಹೇಳಲಿಲ್ಲ.

ಸಣ್ಣಕ್ಷರದ ಖರ್ಚುಗಳು

ಇವು ಒಂದೊಂದೂ ಚಿಕ್ಕವು. ಆದರೆ ತಿಳಿದಿರಬೇಕು.

ಟಾಪ್‌ಅಪ್: ಹತ್ತು ರೂಪಾಯಿ ಹಾಕಿಸಿದರೆ ಸಿಗುವ ಟಾಕ್‌ಟೈಮ್ 7 ರೂಪಾಯಿ 47 ಪೈಸೆ. ಶೇ 18 ಜಿಎಸ್‌ಟಿ ಕಳೆದರೆ 8.47 ಉಳಿಯುತ್ತದೆ. ಅದರಿಂದ ಒಂದು ರೂಪಾಯಿ ಸಂಸ್ಕರಣಾ ಶುಲ್ಕ ಹೋಗುತ್ತದೆ. ನೂರು ಹಾಕಿಸಿದರೆ ಸಿಗುವುದು 81.75. ಅಲ್ಲಿ ಆ ಶುಲ್ಕ ಮೂರು ರೂಪಾಯಿ. ಇಲ್ಲೂ ಚಿಕ್ಕ ರೀಚಾರ್ಜ್‌ಗೇ ಶುಲ್ಕದ ಪ್ರಮಾಣ ಹೆಚ್ಚು.

ಬೂಸ್ಟರ್: ಜಿಯೊದ 19 ರೂಪಾಯಿಯ 1 ಜಿಬಿ ವೋಚರ್ ಮೊದಲು ಮೂಲ ಪ್ಲಾನ್ ಮುಗಿಯುವವರೆಗೂ ನಡೆಯುತ್ತಿತ್ತು. 2025ರ ಜನವರಿಯಿಂದ ಒಂದೇ ದಿನ. ಬೆಲೆ ಹಾಗೇ ಇತ್ತು. ದಿನದ ಡೇಟಾದ ಕಥೆಯೂ ಹೀಗೇ. ಇವತ್ತು ಉಳಿದದ್ದು ಮಧ್ಯರಾತ್ರಿಗೆ ಹೋಯಿತು ಅಂತಲೇ ಲೆಕ್ಕ. ಮುಗಿದ ದಿನ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಒಂದು ದಿನ ಉಳಿಸಿ ಇನ್ನೊಂದು ದಿನ ಬಳಸುವ ಹಾಗಿಲ್ಲ. ಅದಕ್ಕೇ ಬೂಸ್ಟರ್ ಮಾರಾಟವಾಗುತ್ತದೆ.

5ಜಿ: 2024ರ ಜುಲೈಗಿಂತ ಮೊದಲು 5ಜಿ ಫೋನ್ ಇದ್ದವರಿಗೆ 239 ರೂಪಾಯಿ ಮತ್ತು ಅದಕ್ಕಿಂತ ಮೇಲಿನ ಪ್ಲಾನ್‌ಗಳಲ್ಲಿ ಅನ್‌ಲಿಮಿಟೆಡ್ 5ಜಿ ಸಿಗುತ್ತಿತ್ತು. ಆಮೇಲೆ ಅದು ದಿನಕ್ಕೆ 2 ಜಿಬಿ ಅಥವಾ ಹೆಚ್ಚಿನ ಪ್ಲಾನ್‌ಗಳಿಗೆ ಮಾತ್ರ. ಆಗ ಅಂಥ ಪ್ಲಾನ್ ಜಿಯೊದಲ್ಲಿ 28 ದಿನಕ್ಕೆ 349, ಏರ್‌ಟೆಲ್‌ನಲ್ಲಿ ತಿಂಗಳಿಗೆ 379 ಇತ್ತು. 299 ಹಾಕಿಸಿ ಅನ್‌ಲಿಮಿಟೆಡ್ 5ಜಿ ಬರುತ್ತಿಲ್ಲ ಅಂತ ಫೋನ್ ರಿಪೇರಿಗೆ ಕೊಡುವ ಅಗತ್ಯ ಇಲ್ಲ.

ಪೋಸ್ಟ್‌ಪೇಯ್ಡ್: ಪ್ರಿಪೇಯ್ಡ್ ಬೆಲೆಯಲ್ಲಿ ಜಿಎಸ್‌ಟಿ ಸೇರಿರುತ್ತದೆ. ಪೋಸ್ಟ್‌ಪೇಯ್ಡ್ ಜಾಹೀರಾತಿನ ಬೆಲೆಗೆ ಅದು ಸೇರಿರುವುದಿಲ್ಲ. 449ರ ಪ್ಲಾನ್‌ನ ಬಿಲ್ 529.82 ಬರುತ್ತದೆ. ಎರಡು ಬೆಲೆಗಳನ್ನು ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಿದರೆ ತಪ್ಪುತ್ತದೆ. ವಿದೇಶಕ್ಕೆ ಹೋಗುವಾಗ ರೋಮಿಂಗ್ ಪ್ಯಾಕ್ ಹಾಕಿಸದೆ ಡೇಟಾ ಆನ್ ಇಟ್ಟರೆ ಪೋಸ್ಟ್‌ಪೇಯ್ಡ್ ಬಿಲ್ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಆ್ಯಪ್ ಶುಲ್ಕ: ಹಣ ಪಾವತಿಯ ಕೆಲವು ಆ್ಯಪ್‌ಗಳು ರೀಚಾರ್ಜ್ ಮೇಲೆ ಕೆಲವು ರೂಪಾಯಿ ಪ್ಲಾಟ್‌ಫಾರ್ಮ್ ಶುಲ್ಕ ಸೇರಿಸುತ್ತವೆ. ಇದು ಕಾಣುವುದು ಕೊನೆಯ ಪರದೆಯಲ್ಲಿ. ಬೆಲೆಯನ್ನು ಹೀಗೆ ಹಂತಹಂತವಾಗಿ ತೋರಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ತಂತ್ರಗಳ ಪಟ್ಟಿಗೆ ಸೇರಿಸಿದೆ. ಕಂಪನಿಯ ಸ್ವಂತ ಆ್ಯಪ್ ಅಥವಾ ಊರಿನ ಅಂಗಡಿಯಲ್ಲಿ ಹಾಕಿಸಿದರೆ ಸಾಮಾನ್ಯವಾಗಿ ಈ ಖರ್ಚು ಉಳಿಯುತ್ತದೆ.

ಕೇಳದೆಯೇ ಕಾಲರ್ ಟ್ಯೂನ್ ಥರದ ಸೇವೆ ಶುರುವಾಗಿ ದುಡ್ಡು ಕಟ್ ಆಗುತ್ತಿದ್ದರೆ 155223ಕ್ಕೆ ಉಚಿತವಾಗಿ ಕರೆ ಮಾಡಿ ನಿಲ್ಲಿಸಬಹುದು.

ಕಂಪನಿಗಳು ಏನು ಹೇಳುತ್ತವೆ?

ಅವರ ವಾದದಲ್ಲಿ ಹುರುಳಿಲ್ಲ ಎಂದಲ್ಲ. 2022ರ ಹರಾಜಿನಲ್ಲಿ 5ಜಿ ತರಂಗಾಂತರಕ್ಕೆ ಒಟ್ಟು ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್ ಬಂತು. ಜಿಯೊ ಒಂದೇ 88,078 ಕೋಟಿ ಕೂಗಿತು. ಅದರ ಮೇಲೆ ಟವರ್, ಫೈಬರ್ ಖರ್ಚು. ಒಬ್ಬ ಗ್ರಾಹಕರಿಂದ ತಿಂಗಳಿಗೆ ಬರುವ ಸರಾಸರಿ ಆದಾಯ 300 ರೂಪಾಯಿ ಆಗದೆ ಈ ಉದ್ಯಮ ಬಾಳುವುದಿಲ್ಲ ಎಂದು ಏರ್‌ಟೆಲ್‌ನ ಸುನಿಲ್ ಮಿತ್ತಲ್ ಹಲವು ಸಲ ಹೇಳಿದ್ದಾರೆ. ನಮ್ಮಲ್ಲಿ ಡೇಟಾ ಜಗತ್ತಿನಲ್ಲೇ ಅತಿ ಅಗ್ಗದ ಸಾಲಿನಲ್ಲಿದೆ ಎಂಬುದೂ ನಿಜ.

ಆ ಗುರಿಯತ್ತ ಅವರು ಹೋಗುತ್ತಲೂ ಇದ್ದಾರೆ. 2024ರ ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ಏರ್‌ಟೆಲ್‌ಗೆ ಪ್ರತಿ ಗ್ರಾಹಕರಿಂದ ತಿಂಗಳಿಗೆ 211 ರೂಪಾಯಿ ಬರುತ್ತಿತ್ತು. 2025ರ ಜುಲೈ-ಸೆಪ್ಟೆಂಬರ್‌ಗೆ ಅದು 256 ಆಯಿತು. ಜಿಯೊದಲ್ಲಿ ಇದೇ ಅವಧಿಯಲ್ಲಿ 181.7ರಿಂದ 211.4ಕ್ಕೆ ಏರಿತು. 2024ರ ಜುಲೈ ನಂತರ ಈ ಅವಧಿಯಲ್ಲಿ ಇನ್ನೊಂದು ದೊಡ್ಡ ದರ ಏರಿಕೆ ಘೋಷಣೆಯಾಗಲಿಲ್ಲ. ಆ ಏರಿಕೆ ಹಂತಹಂತವಾಗಿ ಎಲ್ಲರನ್ನೂ ಮುಟ್ಟಿದ್ದು ಒಂದು ಕಾರಣ. ಗ್ರಾಹಕರನ್ನು ಮೇಲಿನ ಪ್ಲಾನ್‌ಗೆ ಸಾಗಿಸುವುದು ಇನ್ನೊಂದು. ಕೆಳಗಿನ ಪ್ಲಾನ್ ತೆಗೆದರೆ ಸಾಗಾಟ ತಾನಾಗೇ ಆಗುತ್ತದೆ.

ಇಲ್ಲಿ ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ. ಬೆಲೆ ಏರಿಸುವ ಹಕ್ಕು ಕಂಪನಿಗಿದೆ. ಅದನ್ನು ಏರಿಕೆ ಎಂದು ಕರೆದು ಏರಿಸಲಿ. ಹೆಚ್ಚು ಡೇಟಾ ಬಳಸುವವರಿಗಾಗಿ ಮಾಡಿದ ಹೂಡಿಕೆಯ ಭಾರವನ್ನು ಡೇಟಾ ಮುಟ್ಟದವರ ಮೇಲೆ ಹಾಕುವುದಕ್ಕೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. 5ಜಿ ಹರಾಜಿನ ಖರ್ಚನ್ನು ಕೀಪ್ಯಾಡ್ ಫೋನಿನವರು ಯಾಕೆ ಹೊರಬೇಕು?

ಟ್ರಾಯ್ ಬೆಲೆ ಕಟ್ಟುವುದಿಲ್ಲ, ಯಾಕೆ?

ಮೊಬೈಲ್ ದರವನ್ನು ಟ್ರಾಯ್ ನಿಗದಿ ಮಾಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಎರಡು ದಶಕಕ್ಕೂ ಹಿಂದೆಯೇ ಟ್ರಾಯ್ ಇಲ್ಲಿಂದ ಹಿಂದೆ ಸರಿದಿದೆ. ಪೈಪೋಟಿ ಇದ್ದರೆ ಬೆಲೆ ತಾನೇ ಹತೋಟಿಯಲ್ಲಿರುತ್ತದೆ ಎಂಬುದು ಅದರ ನಿಲುವು. ಕಂಪನಿ ಹೊಸ ಪ್ಲಾನ್ ತಂದ ಏಳು ಕೆಲಸದ ದಿನಗಳ ಒಳಗೆ ಟ್ರಾಯ್‌ಗೆ ತಿಳಿಸಿದರೆ ಸಾಕು. 2024ರ ಏರಿಕೆಗೆ ವಿರೋಧ ಬಂದಾಗ ಕೇಂದ್ರದ ದೂರಸಂಪರ್ಕ ಇಲಾಖೆಯೂ ಇದನ್ನೇ ಹೇಳಿತು. ದರ ತೀರ್ಮಾನಿಸುವುದು ಮಾರುಕಟ್ಟೆ, ಸರ್ಕಾರ ಕೈಹಾಕುವುದಿಲ್ಲ, ಬೇರೆ ದೇಶಗಳಿಗೆ ಹೋಲಿಸಿದರೆ ನಮ್ಮಲ್ಲಿ ಅಗ್ಗ.

ಈ ನಿಲುವು ಹತ್ತು ಕಂಪನಿಗಳಿದ್ದ ಕಾಲಕ್ಕೆ ಸರಿಯಾಗಿತ್ತು. ಈಗ ಖಾಸಗಿಯಲ್ಲಿ ಮೂರೇ. ಮೂರನೆಯದಾದ ವೊಡಾಫೋನ್ ಐಡಿಯಾ 2019ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿಯಲ್ಲಿ ನಲುಗಿದೆ. ಬಾಕಿಯನ್ನು ಷೇರಾಗಿ ಬದಲಿಸಿಕೊಂಡ ಕೇಂದ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಅದರಲ್ಲಿನ ತನ್ನ ಪಾಲನ್ನು ಸುಮಾರು ಶೇ 49ಕ್ಕೆ ಏರಿಸಿಕೊಂಡಿತು. ಬಿಎಸ್‌ಎನ್‌ಎಲ್ ಹೇಗೂ ಸರ್ಕಾರದ್ದೇ. 299ರ ಒಂದು ರೀಚಾರ್ಜ್‌ನಲ್ಲಿ ಸುಮಾರು 46 ರೂಪಾಯಿ ಜಿಎಸ್‌ಟಿ ಹೋಗುತ್ತದೆ. ಲೈಸೆನ್ಸ್ ಶುಲ್ಕ, ತರಂಗಾಂತರದ ಕಂತು ಬೇರೆ. ದರ ಏರಿದರೆ ಸರ್ಕಾರಕ್ಕೂ ಆದಾಯ ಏರುತ್ತದೆ. ಹಾಗಾಗಿ ಕಡಿಮೆ ದರದ ಪರ ಗಟ್ಟಿಯಾಗಿ ನಿಲ್ಲುವವರು ಕಡಿಮೆ.

ಪೋರ್ಟ್ ಆದ್ರೆ ಆಯ್ತಲ್ವಾ?

2024ರ ಜುಲೈನಲ್ಲಿ ಜನ ಅದನ್ನೇ ಮಾಡಿದರು. ಆ ಒಂದೇ ತಿಂಗಳಲ್ಲಿ ಬಿಎಸ್‌ಎನ್‌ಎಲ್‌ಗೆ 29 ಲಕ್ಷಕ್ಕೂ ಹೆಚ್ಚು ಗ್ರಾಹಕರು ಸೇರಿದರು. ಮೂರೂ ಖಾಸಗಿ ಕಂಪನಿಗಳು ಗ್ರಾಹಕರನ್ನು ಕಳೆದುಕೊಂಡವು. ಆದರೆ ಆ ಅಲೆ ಬಹಳ ದಿನ ಉಳಿಯಲಿಲ್ಲ. ಕಾರಣ ಸರಳ, ನೆಟ್‌ವರ್ಕ್. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಅಧಿಕೃತವಾಗಿ ಉದ್ಘಾಟನೆಯಾದದ್ದೇ 2025ರ ಸೆಪ್ಟೆಂಬರ್ 27ರಂದು.

ಪೈಪೋಟಿಯನ್ನು ದೇಶದ ಲೆಕ್ಕದಲ್ಲಿ ನೋಡಿದರೆ ನಾಲ್ಕು ಕಂಪನಿ ಕಾಣುತ್ತವೆ. ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ಸಿಗ್ನಲ್ ಸಿಗುವುದು ಒಂದೇ ಕಂಪನಿಯದ್ದು. ಕೆಲವು ಕಡೆ ಗುಡ್ಡ ಹತ್ತಿದರೆ ಮಾತ್ರ. ಅಲ್ಲಿನವರಿಗೆ ಪ್ಲಾನ್ ಹೋಲಿಕೆ ಅನ್ನುವುದೇ ಇಲ್ಲ. ಸಿಗ್ನಲ್ ಇರುವ ಕಂಪನಿ ಹೇಳಿದ್ದೇ ಬೆಲೆ.

ಪೋರ್ಟ್ ಆಗುವುದಕ್ಕೂ ಖರ್ಚಿದೆ. ಹಳೆ ಕಂಪನಿಯಲ್ಲಿ ಉಳಿದ ವ್ಯಾಲಿಡಿಟಿ, ಟಾಕ್‌ಟೈಮ್ ಹೊಸ ಕಂಪನಿಗೆ ಬರುವುದಿಲ್ಲ. ಒಂದು ಕಂಪನಿಗೆ ಸೇರಿ 90 ದಿನ ಆಗುವವರೆಗೆ ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ವರ್ಷದ ಪ್ಲಾನ್ ಅಗ್ಗ ಎಂದು ಹಾಕಿಸಿದ ಮೇಲೆ ನೆಟ್‌ವರ್ಕ್ ಕೆಟ್ಟರೆ ಉಳಿದ ತಿಂಗಳುಗಳ ದುಡ್ಡು ಹೋದಂತೆಯೇ. ಹಿಂದೊಮ್ಮೆ ಕೆಲವು ಅಗ್ಗದ ಪ್ಲಾನ್‌ಗಳಲ್ಲಿ ಎಸ್‌ಎಂಎಸ್ ಸೌಲಭ್ಯವೇ ಇರಲಿಲ್ಲ. ಹಾಗಾಗಿ ಪೋರ್ಟ್ ಆಗಲು 1900ಕ್ಕೆ ಮೆಸೇಜ್ ಕಳಿಸಲೂ ಆಗುತ್ತಿರಲಿಲ್ಲ. 2021ರ ಡಿಸೆಂಬರ್‌ನಲ್ಲಿ ಟ್ರಾಯ್ ಮಧ್ಯೆ ಬಂದು, ಯಾವ ಪ್ಲಾನ್ ಇದ್ದರೂ ಈ ಮೆಸೇಜ್ ಹೋಗಬೇಕು ಎಂದು ನಿರ್ದೇಶಿಸಬೇಕಾಯಿತು.

ಸಿಮ್ ಬಂದ್ ಆದರೆ

ಕನಿಷ್ಠ ರೀಚಾರ್ಜ್ ಏರಿದಾಗ ಮನೆಗಳಲ್ಲಿ ಮೊದಲು ನಿಲ್ಲುವುದು ಎರಡನೇ ಸಿಮ್. ಆಮೇಲೆ ಸಂಪಾದನೆ ಇಲ್ಲದವರ ಸಿಮ್. ಬಹುಪಾಲು ಅದು ಮನೆಯ ಹಿರಿಯರದ್ದು, ಹೆಂಗಸರದ್ದು.

ವ್ಯಾಲಿಡಿಟಿ ಮುಗಿದ ಕೂಡಲೇ ಔಟ್‌ಗೋಯಿಂಗ್ ನಿಲ್ಲುತ್ತದೆ. ಕೆಲವು ದಿನಗಳ ನಂತರ ಇನ್‌ಕಮಿಂಗ್ ಕೂಡ. ನಂಬರ್ ಅಷ್ಟು ಬೇಗ ಹೋಗುವುದಿಲ್ಲ. ಟ್ರಾಯ್‌ನ 2013ರ ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಮಾತ್ರ ಪ್ರಿಪೇಯ್ಡ್ ನಂಬರ್ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ನಂಬರ್ ಉಳಿಸುವ ವ್ಯವಸ್ಥೆಯೂ ಆ ನಿಯಮದಲ್ಲಿದೆ. 2025ರ ಜನವರಿಯಲ್ಲಿ "ಇನ್ಮೇಲೆ 20 ರೂಪಾಯಿಗೆ ಸಿಮ್ ನಡೆಯುತ್ತೆ" ಎಂದು ಹರಿದಾಡಿದ ಸುದ್ದಿ ಈ ಹಳೆ ನಿಯಮದ್ದೇ ತಿರುಚಿದ ರೂಪ. 20 ರೂಪಾಯಿಯಿಂದ ನಂಬರ್ ರದ್ದಾಗದೆ ಉಳಿಯಬಹುದು. ಕರೆ, ಒಟಿಪಿ ಬರುತ್ತವೆ ಎಂದಲ್ಲ.

ರದ್ದಾದ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಬ್ಯಾಂಕ್ ಖಾತೆ, ಆಧಾರ್, ಯುಪಿಐ ಎಲ್ಲ ಅದೇ ನಂಬರ್‌ಗೆ ಜೋಡಿಸಿದ್ದರೆ ಅಪಾಯ ಅಲ್ಲಿದೆ. ಈ ಕಾರಣಕ್ಕೇ 2025ರ ಏಪ್ರಿಲ್ 1ರಿಂದ ಬ್ಯಾಂಕ್ ಮತ್ತು ಯುಪಿಐ ಆ್ಯಪ್‌ಗಳು ರದ್ದಾದ ನಂಬರ್‌ಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ ತಮ್ಮ ದಾಖಲೆ ಸರಿಪಡಿಸಿಕೊಳ್ಳಬೇಕು. ಸಿಮ್ ಬಿಡುವ ಮೊದಲು ಬ್ಯಾಂಕ್‌ನಲ್ಲಿ ಹೊಸ ನಂಬರ್ ಕೊಡಿ. ಕೊಲ್ಲಿ ದೇಶಗಳಲ್ಲಿ, ಅಮೆರಿಕದಲ್ಲಿ ಇದ್ದುಕೊಂಡು ಒಟಿಪಿಗಾಗಿ ಮಾತ್ರ ಊರಿನ ನಂಬರ್ ಉಳಿಸಿಕೊಂಡ ಕನ್ನಡಿಗರಿಗೆ ಡೇಟಾ ಇಲ್ಲದ ವರ್ಷದ ಪ್ಲಾನ್ ಒಳ್ಳೆಯ ಆಯ್ಕೆ. ರೋಮಿಂಗ್ ಚಾಲು ಇದ್ದರೆ ಮಾತ್ರ ಅಲ್ಲಿ ಮೆಸೇಜ್ ಬರುತ್ತದೆ ಎಂಬುದು ನೆನಪಿರಲಿ.

ಹೋಲಿಸುವಾಗ ಏನು ನೋಡಬೇಕು?

ಮೊದಲು ಬೆಲೆಯನ್ನು ದಿನಗಳಿಂದ ಭಾಗಿಸಿ. ಇದೊಂದೇ ಲೆಕ್ಕ ಅರ್ಧ ಗೊಂದಲ ಕಳೆಯುತ್ತದೆ. ಆಮೇಲೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕಳೆದ ತಿಂಗಳು ಎಷ್ಟು ಮೊಬೈಲ್ ಡೇಟಾ ಬಳಸಿದ್ದೀರಿ ನೋಡಿ. ಮನೆಯಲ್ಲಿ, ಆಫೀಸಿನಲ್ಲಿ ವೈಫೈ ಇರುವವರು ದಿನಕ್ಕೆ 2 ಜಿಬಿ ಕೊಂಡು ಅದರಲ್ಲಿ ಬಹುಪಾಲು ಹಾಗೇ ಬಿಡುತ್ತಿರಬಹುದು. ಅಂಥವರಿಗೆ ತಿಂಗಳಿಗೆ ಒಟ್ಟು ಇಷ್ಟು ಜಿಬಿ ಎಂದು ಕೊಡುವ ಪ್ಲಾನ್ ಸಾಕು. ಪದೇಪದೇ ಬೂಸ್ಟರ್ ಹಾಕಿಸುವವರಾದರೆ ಒಂದು ಮೆಟ್ಟಿಲು ಮೇಲಿನ ಪ್ಲಾನ್ ಅಗ್ಗವಾಗಬಹುದು. ತಿಂಗಳಿಗೆ ಮೂರು ಬೂಸ್ಟರ್ ಹಾಕಿಸಿದರೆ ಜಿಯೊದಲ್ಲಿ 57 ರೂಪಾಯಿ. 299 ಮತ್ತು 349ರ ನಡುವಿನ ವ್ಯತ್ಯಾಸ 50.

ಮೊದಲ ಸಲ ಒಂದು ಕಂಪನಿಗೆ ಹೋಗುವಾಗ ವರ್ಷದ ಪ್ಲಾನ್ ಬೇಡ. ಒಂದು ಸಲ 28 ದಿನದ್ದು ಹಾಕಿಸಿ ಮನೆಯೊಳಗೆ, ಕೆಲಸದ ಜಾಗದಲ್ಲಿ ಸಿಗ್ನಲ್ ನೋಡಿ. ಪ್ಲಾನ್‌ಗಳ ಪಟ್ಟಿಯನ್ನು ಕಂಪನಿಯ ಆ್ಯಪ್‌ನಲ್ಲಿ ಮಾತ್ರ ನೋಡಬೇಡಿ. ಅಲ್ಲಿ ಮೇಲೆ ಕಾಣುವುದು ಅವರು ಮಾರಬೇಕೆಂದಿರುವ ಪ್ಲಾನ್. ಎಲ್ಲ ಕಂಪನಿಗಳ ದರವನ್ನು ಒಂದೇ ಕಡೆ ನೋಡಲು ಟ್ರಾಯ್‌ನದೇ ಜಾಲತಾಣ 2020ರಿಂದ ಇದೆ. ವಲಯದ ಜಾಗದಲ್ಲಿ ಕರ್ನಾಟಕ ಆರಿಸಿಕೊಂಡರೆ ಸಾಕು. ಊರಿನ ರೀಚಾರ್ಜ್ ಅಂಗಡಿಯವರನ್ನೂ ಕೇಳಿ.

ತಪ್ಪಾಗಿ ದುಡ್ಡು ಕಟ್ ಆಗಿದ್ದರೆ ಮೊದಲು ಕಂಪನಿಯ ಗ್ರಾಹಕ ಸೇವೆಗೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಅಲ್ಲಿ ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಒಬ್ಬೊಬ್ಬರ ದೂರನ್ನು ಟ್ರಾಯ್ ತಾನೇ ವಿಚಾರಿಸುವುದಿಲ್ಲ.

ಟ್ರಾಯ್ ಮಾಡಬಹುದಾದದ್ದು

ಬೆಲೆ ಕಟ್ಟದೆಯೂ ಟ್ರಾಯ್ ಎರಡು ಕೆಲಸ ಮಾಡಬಹುದು. ಅಂಗಡಿಯ ಪೊಟ್ಟಣಗಳ ಮೇಲೆ ಈಗ ಒಟ್ಟು ಬೆಲೆಯ ಜೊತೆ ಗ್ರಾಂಗೆ ಅಥವಾ ಮಿಲಿಲೀಟರ್‌ಗೆ ಎಷ್ಟು ಎಂದು ಮುದ್ರಿಸುವುದು ಕಡ್ಡಾಯ. ರೀಚಾರ್ಜ್ ಪಟ್ಟಿಯಲ್ಲೂ ಪ್ರತಿ ಪ್ಲಾನ್ ಪಕ್ಕ ದಿನಕ್ಕೆ ಎಷ್ಟು ಎಂದು ಅಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಲಿ, ಒಂದು ಕಡೆ ಮಾರುವ ಪ್ಲಾನ್ ಎಲ್ಲ ಕಡೆಯೂ ಕಾಣಲಿ. ಎರಡನೆಯದು, 2024ರ ಡಿಸೆಂಬರ್‌ನ ನಿಯಮಕ್ಕೆ ಒಂದು ಸಾಲು ಸೇರಿಸಲಿ: ಡೇಟಾ ಇಲ್ಲದ ಪ್ಲಾನ್‌ಗಳಲ್ಲಿ ಒಂದಾದರೂ 30 ದಿನದ್ದಾಗಿರಬೇಕು. 84 ದಿನದ 469ರ ದಿನದ ಬೆಲೆ 5 ರೂಪಾಯಿ 58 ಪೈಸೆ. ಅದೇ ದರದಲ್ಲಿ 30 ದಿನಕ್ಕೆ ಆಗುವುದು 168 ರೂಪಾಯಿ. ಕೀಪ್ಯಾಡ್ ಫೋನಿನವರು 28 ದಿನಕ್ಕೆ ಕೊಡುತ್ತಿರುವ 199ಕ್ಕಿಂತ 31 ರೂಪಾಯಿ ಕಡಿಮೆ, ದಿನ ಎರಡು ಜಾಸ್ತಿ.